ಬಿಂಬದ ಋಣ

ಕನ್ನಡದಲ್ಲಿ ‘ತೆಗೆ’ ಎಂಬ ಧಾತುವಿಗೆ ಕೆಲಸವು ಬಹಳ. ರೈತನು ಹೊಲದಲ್ಲಿ ಬೆಳೆಯನ್ನು ತೆಗೆಯುತ್ತಾನೆ. ಬಿತ್ತನೆಯ ಕಾಲಕ್ಕೆ ಸಾಹುಕಾರನ ಬಳಿ ಸಾಲವನ್ನು ತೆಗೆಯುತ್ತಾನೆ. ಮನೆಯ ಹಿರಿಯಳು ಕೂಸಿನ ದೃಷ್ಟಿಯನ್ನು ತೆಗೆಯುತ್ತಾಳೆ. ಕ್ಯಾಮರಾ ಎಂಬ ಯಂತ್ರವು ಈ ನಾಡಿಗೆ ಬಂದಾಗ ಜನರು ಅದಕ್ಕಾಗಿ ಬೇರೊಂದು ಕ್ರಿಯಾಪದವನ್ನು ಹುಡುಕುವ ಶ್ರಮಕ್ಕೆ ಹೋಗಲಿಲ್ಲ, ಫೋಟೋವನ್ನೂ ತೆಗೆದರು. ಮಾತು ಒಂದೇ ಆದರೂ ವ್ಯವಹಾರವು ಒಂದೇ ಅಲ್ಲ. ಬೆಳೆಯನ್ನು ತೆಗೆಯುವವನು ಮೊದಲೇ ನೆಲಕ್ಕೆ ಬೀಜವನ್ನೂ ಬೆವರನ್ನೂ ಕೊಟ್ಟಿರುತ್ತಾನೆ. ಸಾಲವನ್ನು ತೆಗೆದವನು ಮುಂದೆ ತೀರಿಸತಕ್ಕವನಾಗಿರುತ್ತಾನೆ. ದೃಷ್ಟಿಯನ್ನು ತೆಗೆಯುವವಳು ತನಗಾಗಿ ಏನನ್ನೂ ಇಟ್ಟುಕೊಳ್ಳದೆ, ತೆಗೆದುದನ್ನು ಒಲೆಯ ಬೆಂಕಿಗೆ ಹಾಕಿ ಕೈ ತೊಳೆದುಕೊಳ್ಳುತ್ತಾಳೆ. ಹಾಗಾದರೆ ಇನ್ನೊಬ್ಬನ ಫೋಟೋವನ್ನು ತೆಗೆದವನು ಈ ಮೂವರಲ್ಲಿ ಯಾರ ಪಂಕ್ತಿಗೆ ಸೇರತಕ್ಕವನು? ಇಲ್ಲವೆ ಮೂವರ ಪಂಕ್ತಿಗೂ ಸೇರದೆ, ದಾರಿಯಲ್ಲಿ ಹೋಗುತ್ತ ಪರರ ತೋಟದ ಹಣ್ಣನ್ನು ಕಿತ್ತುಕೊಂಡವನ ಜೊತೆಗೆ ನಿಲ್ಲತಕ್ಕವನೋ?

ಹೊಸದಾಗಿ ಡಿಜಿಟಲ್ ಕ್ಯಾಮರಾವನ್ನು ಕೊಂಡವನು ಅದನ್ನು ನಡೆಸುವ ಮತ್ತು ಕಾಪಾಡುವ ವಿದ್ಯೆಯನ್ನು ಕಲಿಯತೊಡಗಿದಾಗ ಈ ಪ್ರಶ್ನೆಯು ಅವನ ಕಣ್ಣಿಗೆ ಬೀಳುವದಿಲ್ಲ. ಪೆಟ್ಟಿಗೆಯೊಳಗೆ ಬರುವ ಕೈಪಿಡಿಯಲ್ಲಿ ಗುಂಡಿಗಳ ಹೆಸರುಗಳಿರುತ್ತವೆ. ನೀರಿನಲ್ಲಿ ಹಾಕಬಾರದು, ಬೆಂಕಿಯ ಹತ್ತಿರ ಇಡಬಾರದು ಎಂಬ ಎಚ್ಚರಿಕೆಗಳಿರುತ್ತವೆ. ಧರ್ಮಾಧರ್ಮದ ಮಾತು ಅಲ್ಲಿರುವದಿಲ್ಲ. ಇರಬೇಕೆಂದು ಅಪೇಕ್ಷಿಸುವದೂ ಸರಿಯಲ್ಲ. ಆದರೆ ವಿದ್ಯೆಯನ್ನು ಅರೆಬರೆಯಾಗಿ ಬಿಡದೆ ಕಡೆಯವರೆಗೆ ಕಲಿತವನಿಗೆ ಈ ಪ್ರಶ್ನೆಯು ಆ ವಿದ್ಯೆಯೊಳಗಿಂದಲೇ ಎದ್ದು ಎದುರಿಗೆ ನಿಲ್ಲುವದೆಂಬುದನ್ನು ತೋರಿಸುವದು ಈ ಲೇಖನದ ಉದ್ದೇಶ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯು ಅಷ್ಟಾಗಿ ಏಳುತ್ತಿರಲಿಲ್ಲ. ಕಾರಣವೇನೆಂದರೆ, ಆಗ ಫೋಟೋ ಎಂಬುದು ದುಬಾರಿಯ ವಸ್ತುವಾಗಿತ್ತು. ಪ್ಯಾರಿಸಿನಲ್ಲಿ ದಾಗೆರ್ ಎಂಬವನ ಛಾಯಾಗ್ರಹಣದ ವಿಧಾನವು ಲೋಕಕ್ಕೆ ಪ್ರಕಟವಾದದ್ದು ೧೮೩೯ರಲ್ಲಿ. ಅದಾದ ಹದಿನೇಳು ವರ್ಷಗಳಿಗೆ, ೧೮೫೬ರಲ್ಲಿ, ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ತುಂಗಭದ್ರೆಯ ದಂಡೆಯ ಹಂಪೆಯಲ್ಲಿ ಮೇಣ ಹಚ್ಚಿದ ಕಾಗದದ ಮೇಲೆ ಸುಮಾರು ಅರವತ್ತು ಬಿಂಬಗಳನ್ನು ಹಿಡಿದನು. ಒಂದೊಂದು ಕಾಗದವನ್ನೂ ರಾಸಾಯನಿಕ ದ್ರವ್ಯಗಳಲ್ಲಿ ಅದ್ದಿ ಸಿದ್ಧಮಾಡಬೇಕು. ಬಿಸಿಲಿನಲ್ಲಿ ದೊಡ್ಡ ಪೆಟ್ಟಿಗೆಯನ್ನು ಹೊರಿಸಿಕೊಂಡು ಹೋಗಬೇಕು. ಬಹಳ ಹೊತ್ತು ಬೆಳಕಿಗೆ ಒಡ್ಡಬೇಕು. ಅಷ್ಟು ಹೊತ್ತು ಅಲುಗದೆ ನಿಂತ ಕಲ್ಲು ಮಾತ್ರ ಮೂಡುವದು. ನಡೆದುಹೋದ ಮನುಷ್ಯನ ಗುರುತೂ ಉಳಿಯುವದಿಲ್ಲ. ಆ ಕಾಗದಗಳು ನೂರಕ್ಕೂ ಹೆಚ್ಚು ವರ್ಷ ಕಣ್ಮರೆಯಾಗಿದ್ದು, ಮರಳಿ ಬೆಳಕಿಗೆ ಬಂದ ಮೇಲೆ, ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬವನು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ನಿಂತು ಪುನಃ ಚಿತ್ರಗಳನ್ನು ತೆಗೆದನು. ಎರಡನ್ನೂ ಮಗ್ಗುಲಲ್ಲಿಟ್ಟು ನೋಡಿದರೆ ಯಾವ ಕಂಬವು ಬಿದ್ದಿತು, ಯಾವುದು ಉಳಿಯಿತೆಂಬುದು ಇಂದಿಗೂ ತಿಳಿಯುವದು. ಅರವತ್ತೇ ಚಿತ್ರಗಳು, ಅರವತ್ತಕ್ಕೂ ಬೆಲೆಯುಂಟು.

ಮುಂದೆ ಊರೂರಿಗೆ ಸ್ಟುಡಿಯೋಗಳಾದವು. ೧೮೭೧ರಲ್ಲಿ ಮುಂಬಯಿಯ ರೈಲುದಾರಿಯೂ ಮದರಾಸಿನ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ ದೂರದ ಸಾಮಾನುಗಳು ಈ ಬಯಲುಸೀಮೆಗೂ ಸುಲಭವಾಗಿ ಬರತೊಡಗಿದವು. ಸ್ಟುಡಿಯೋದ ವ್ಯವಹಾರವು ಸ್ಪಷ್ಟವಾಗಿತ್ತು. ಫೋಟೋ ಬೇಕಾದವನು ತಾನಾಗಿ ಬರುವನು, ಶುಭ್ರವಾದ ಬಟ್ಟೆಯನ್ನು ಉಟ್ಟುಕೊಂಡು ಕೂಡುವನು, ಹಣವನ್ನು ಕೊಡುವನು, ಎಂಟು ದಿನ ಬಿಟ್ಟು ಅಚ್ಚನ್ನು ಒಯ್ಯುವನು. ಸ್ಟುಡಿಯೋದವನು ನೆಗೆಟಿವನ್ನು ಲಕೋಟೆಯಲ್ಲಿಟ್ಟು ಹೆಸರನ್ನೂ ಸಂಖ್ಯೆಯನ್ನೂ ಬರೆದಿಡುವನು. ತೆಗೆದುದಕ್ಕೆ ಕೊಟ್ಟುದು ಸರಿಹೋಯಿತು. ಇಂಥ ಸ್ಥಳದಲ್ಲಿ ಋಣದ ಪ್ರಶ್ನೆಯನ್ನು ಎತ್ತುವವನು ಅಧಿಕಪ್ರಸಂಗಿ ಎನಿಸಿಕೊಳ್ಳುತ್ತಿದ್ದನು.

ಈ ಲೆಕ್ಕವನ್ನೆಲ್ಲ ಕೆಡಿಸಿದ ಯಂತ್ರವು ಹುಟ್ಟಿದ್ದು ೧೯೭೫ರಲ್ಲಿ, ಅಮೆರಿಕದ ಕೊಡಾಕ್ ಕಂಪನಿಯಲ್ಲಿ. ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರನು ಜೋಡಿಸಿದ ಆ ಕ್ಯಾಮರಾದಲ್ಲಿ ಫಿಲ್ಮಿನ ಬದಲು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಣ್ಣ ಫಲಕವಿತ್ತು. ಚಿತ್ರದಲ್ಲಿ ಒಟ್ಟು ಹತ್ತು ಸಾವಿರ ಬಿಂದುಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆದುಕೊಳ್ಳಲು ಇಪ್ಪತ್ತಮೂರು ಸೆಕೆಂಡುಗಳು. ಇಂದು ಹತ್ತನೆಯ ತರಗತಿಯ ಹುಡುಗನ ಜೇಬಿನ ಮೊಬೈಲಿನಲ್ಲಿಯೂ ಕೋಟಿಗಟ್ಟಲೆ ಬಿಂದುಗಳ ಫಲಕವುಂಟು, ಸೆಕೆಂಡಿಗೆ ಹಲವು ಚಿತ್ರಗಳ ವೇಗವುಂಟು. ಫಿಲ್ಮನ್ನು ಮಾರಿ ಬೆಳೆದ ಕೊಡಾಕ್ ಕಂಪನಿಯು ೨೦೧೨ರ ಜನವರಿಯಲ್ಲಿ ದಿವಾಳಿಯ ಅರ್ಜಿಯನ್ನು ಹಾಕಿಕೊಂಡಿತು; ತನ್ನ ಮನೆಯಲ್ಲಿ ಹುಟ್ಟಿದ ಕೂಸಿನ ಜಾತಕವನ್ನು ಅದು ಸರಿಯಾಗಿ ಓದಲಿಲ್ಲವೆನ್ನಬೇಕು. ಇರಲಿ. ಇಲ್ಲಿ ಪ್ರಸ್ತುತವಾದುದು ಇಷ್ಟೇ: ಹನ್ನೆರಡು ಇಲ್ಲವೆ ಮೂವತ್ತಾರು ಚಿತ್ರಗಳ ಒಂದು ಸುರುಳಿಯನ್ನು ಕೊಂಡು, ಒಂದೊಂದನ್ನೂ ಎಣಿಸಿ ತೆಗೆಯುತ್ತಿದ್ದ ಮನುಷ್ಯನಿಗೆ ಎಣಿಸುವ ಕಾರಣವೇ ಇಲ್ಲದಂತಾಯಿತು.

ಇದನ್ನು ಕಂಡು ಹಿರಿಯರು ನಿಟ್ಟುಸಿರು ಬಿಡುವದುಂಟು. ವೆಚ್ಚವಿಲ್ಲದ್ದಕ್ಕೆ ಬೆಲೆಯಿಲ್ಲ; ಮೊದಲು ಒಂದು ಫೋಟೋಕ್ಕಾಗಿ ಮನೆಮಂದಿಯೆಲ್ಲ ಸಿದ್ಧರಾಗುತ್ತಿದ್ದರು, ಈಗ ಒಂದು ಮದುವೆಯಲ್ಲಿ ಮೂರು ಸಾವಿರ ತೆಗೆದು ಒಂದನ್ನೂ ನೋಡುವದಿಲ್ಲ ಎಂದು ಅವರ ಆಕ್ಷೇಪ. ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬಡತನದಿಂದ ಹುಟ್ಟಿದ ಮಿತವ್ಯಯವನ್ನೇ ಸಂಯಮವೆಂದು ಕರೆಯುವದು ತಪ್ಪು. ಆ ದುಬಾರಿಯ ಕಾಲದಲ್ಲಿ ಕ್ಯಾಮರಾದ ಎದುರಿಗೆ ನಿಂತವರಾರೆಂಬುದನ್ನು ವಿಚಾರಿಸಬೇಕು. ರಾಯಚೂರು ಸೀಮೆಯು ೧೯೪೮ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ಆಸ್ಥಾನ ಛಾಯಾಗ್ರಾಹಕರಾದ ರಾಜಾ ದೀನ್ ದಯಾಳರು (೧೮೪೪–೧೯೦೫) ಈ ಕಲೆಯಲ್ಲಿ ಅದ್ವಿತೀಯರು. ಅವರ ಗಾಜಿನ ಫಲಕಗಳ ಮೇಲೆ ಅರಮನೆಗಳು ನಿಂತಿವೆ, ಬೇಟೆಯ ಹುಲಿಗಳು ಮಲಗಿವೆ, ವೈಸರಾಯರು ಕುಳಿತಿದ್ದಾರೆ. ಬರಗಾಲದ ಪರಿಹಾರಕಾರ್ಯಗಳ ಚಿತ್ರಗಳನ್ನೂ ಅವರು ತೆಗೆದಿದ್ದಾರೆ; ಅಲ್ಲಿ ಬಡವರು ಇದ್ದಾರೆ, ಆದರೆ ಹೆಸರಿಲ್ಲದ ಗುಂಪಾಗಿ. ಊರಿನ ಸಾಮಾನ್ಯ ಮನೆತನಗಳಲ್ಲಿಯಾದರೋ, ಹಿರಿಯರ ಒಂದೇ ಒಂದು ಫೋಟೋವೆಂದರೆ ಅವರು ತೀರಿಕೊಂಡ ದಿನ, ಶವವನ್ನು ಕುಳ್ಳಿರಿಸಿ ಸುತ್ತಲೂ ಮಕ್ಕಳು ನಿಂತು ತೆಗೆಸಿದ್ದಾಗಿರುತ್ತಿತ್ತು. ಕಣ್ಣು ತೆರೆದ ತಾಯಿಯ ಮೋರೆಯನ್ನು ನೋಡುವ ಭಾಗ್ಯವು ಮೊಮ್ಮಕ್ಕಳಿಗಿಲ್ಲ. ಇಂಥ ಸ್ಥಿತಿಯನ್ನು ಮುರಿದುದಕ್ಕಾಗಿ ಡಿಜಿಟಲ್ ಕ್ಯಾಮರಾಕ್ಕೆ ಕೃತಜ್ಞರಾಗಿರುವದೇ ನ್ಯಾಯ. ಹತ್ತಿ ಬಿಡಿಸುವ ಕೂಲಿಯ ಹೆಂಗಸಿಗೂ ಇಂದು ನಗುವ ಫೋಟೋ ಉಂಟು. ಆದುದರಿಂದ ದೋಷವು ಸಂಖ್ಯೆಯಲ್ಲಿಲ್ಲ. ಅದನ್ನು ಬೇರೆ ಕಡೆಗೆ ಹುಡುಕಬೇಕು.

ಹುಡುಕುವದಕ್ಕಾಗಿ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ರೈಲುದಾರಿಯ ಮೇಲೆ ಮಟಮಾರಿ ಎಂಬ ಊರುಂಟು. ಅಲ್ಲಿಯ ತರುಣನೊಬ್ಬನು ತನ್ನ ಗಳಿಕೆಯಲ್ಲಿ ಮಿಗಿಸಿ ಡಿಜಿಟಲ್ ಕ್ಯಾಮರಾವನ್ನು ಕೊಂಡನೆನ್ನೋಣವಾಗಲಿ. ಮೊದಲನೆಯ ತಿಂಗಳಲ್ಲಿ ಅವನು ಯಂತ್ರದ ಸ್ವಯಂಚಾಲಿತ ಗುರುತಿನಲ್ಲಿಯೇ ಎಲ್ಲವನ್ನೂ ತೆಗೆಯುವನು. ಎರಡನೆಯ ತಿಂಗಳಲ್ಲಿ ಬೇಸರವಾಗಿ, ಮೂರು ಸಂಗತಿಗಳನ್ನು ಕಲಿಯುವನು: ಬೆಳಕು ಒಳಗೆ ಬರುವ ರಂಧ್ರದ ಅಳತೆ, ಅದು ತೆರೆದಿರುವ ಕಾಲ, ಬಿಂಬವನ್ನು ಹಿಡಿಯುವ ಫಲಕದ ಸಂವೇದನೆ. ರಂಧ್ರದ ಅಂಕವು ದೊಡ್ಡದಾದಷ್ಟೂ ರಂಧ್ರವು ಚಿಕ್ಕದಾಗುವದೆಂಬುದು ಹೊಸಬನನ್ನು ಒಂದು ವಾರ ಕಾಡುವ ವಿಷಯ. ಬಿರುಬಿಸಿಲಿನಲ್ಲಿ ರಂಧ್ರವನ್ನು ೧೬ರ ಅಂಕಕ್ಕಿಟ್ಟು, ಸಂವೇದನೆಯು ೧೦೦ ಇದ್ದರೆ, ಕಾಲವು ಸೆಕೆಂಡಿನ ನೂರರಲ್ಲೊಂದು ಪಾಲಿನ ಸುಮಾರಿಗೆ ಇರಬೇಕೆಂದು ಹಳೆಯ ಛಾಯಾಗ್ರಾಹಕರ ಸೂತ್ರ. ಬೆಳಕಿಗೆ ಬಡತನವಿಲ್ಲದ ಈ ಜಿಲ್ಲೆಯಲ್ಲಿ ಆ ಸೂತ್ರವು ವರ್ಷದ ಬಹುಪಾಲು ನಡೆಯುವದು.

ನಡೆಯದಿರುವ ಒಂದು ಸ್ಥಳವುಂಟು. ಅದು ಮನುಷ್ಯನ ಮೋರೆ. ಕ್ಯಾಮರಾದೊಳಗೆ ಬೆಳಕನ್ನು ಅಳೆಯುವ ಸಾಧನಕ್ಕೆ ತಾನು ನೋಡುತ್ತಿರುವದು ಏನೆಂಬುದು ಗೊತ್ತಿರುವದಿಲ್ಲ. ಎದುರಿಗಿದ್ದುದೆಲ್ಲವೂ ಸರಾಸರಿಯಲ್ಲಿ ಬೂದುಬಣ್ಣದ್ದು, ಬಿದ್ದ ಬೆಳಕಿನ ನೂರರಲ್ಲಿ ಸುಮಾರು ಹದಿನೆಂಟು ಪಾಲನ್ನು ಹಿಂದಿರುಗಿಸುವಂಥದು ಎಂಬ ಗ್ರಹಿಕೆಯ ಮೇಲೆ ಅದು ಲೆಕ್ಕ ಹಾಕುವದು. ಆದಕಾರಣ ಹತ್ತಿಯ ರಾಶಿಯನ್ನು ಅದರ ಇಚ್ಛೆಗೇ ಬಿಟ್ಟರೆ ರಾಶಿಯು ಬೂದಿಯಂತೆ ಕಾಣುವದು. ಎರೆಯ ಹೊಲವನ್ನು ಬಿಟ್ಟರೆ ಅದೂ ಬೂದಿಯಂತೆ ಕಾಣುವದು. ಬೆಳ್ಳಗಿನ ಧೋತರ, ಬೆಳ್ಳಗಿನ ರುಮಾಲು, ನಡುವೆ ಬಿಸಿಲಿನಲ್ಲಿ ಬೆಂದ ಕರಿಯ ಮೋರೆ. ಹೀಗೆ ನಿಂತ ಒಬ್ಬ ಹಿರಿಯ ಒಕ್ಕಲಿಗನ ಫೋಟೋದಲ್ಲಿ ಯಂತ್ರವು ಬಟ್ಟೆಯನ್ನು ಕಾಪಾಡಿ ಮೋರೆಯನ್ನು ಕಳೆಯುವದು. ಇತ್ತೀಚಿನ ಕ್ಯಾಮರಾಗಳು ಮೋರೆಯನ್ನು ಗುರುತಿಸಿ ಲೆಕ್ಕವನ್ನು ತಿದ್ದಿಕೊಳ್ಳುವಷ್ಟು ಜಾಣತನವನ್ನು ಪಡೆದಿವೆ. ಆದರೂ ಮಧ್ಯಾಹ್ನದ ಬಿಸಿಲಿನಲ್ಲಿ ರುಮಾಲಿನ ನೆರಳು ಕಣ್ಣುಗಳ ಮೇಲೆ ಬಿದ್ದಿರುವಾಗ ಆ ಜಾಣತನವು ಸಾಲುವದಿಲ್ಲ.

ಯಂತ್ರದ ಈ ಪಕ್ಷಪಾತವು ಆಕಸ್ಮಿಕವೆಂದು ತಿಳಿಯಬಾರದು. ೧೯೫೦ರ ದಶಕದಿಂದ ಕೊಡಾಕ್ ಕಂಪನಿಯು ಬಣ್ಣದ ಅಚ್ಚುಗಳನ್ನು ಹದಗೊಳಿಸುವದಕ್ಕಾಗಿ ಪ್ರಯೋಗಶಾಲೆಗಳಿಗೆ ಒಂದು ಮಾದರಿಯ ಕಾರ್ಡನ್ನು ಕಳುಹಿಸುತ್ತಿತ್ತು. ‘ಶರ್ಲಿ ಕಾರ್ಡು’ ಎಂದು ಅದಕ್ಕೆ ಹೆಸರು; ಅದರ ಮೇಲೆ ಬಿಳಿಯ ಬಣ್ಣದ ಒಬ್ಬ ಹೆಂಗಸಿನ ಚಿತ್ರ. ಅವಳ ಚರ್ಮವು ಸರಿಯಾಗಿ ಬಂದರೆ ಅಚ್ಚು ಸರಿಯಾಯಿತೆಂದು ಲೆಕ್ಕ. ಕರಿಯ ಮೋರೆಯವರು ಅಚ್ಚಿನಲ್ಲಿ ಮಸಿಯ ಮುದ್ದೆಯಾಗಿ ಬಂದರೂ ಬಹುಕಾಲ ಯಾರೂ ಕೇಳಲಿಲ್ಲ. ಕಡುಬಣ್ಣದ ಮರದ ಸಾಮಾನುಗಳನ್ನೂ ಚಾಕೊಲೇಟುಗಳನ್ನೂ ಮಾರುವವರು ತಮ್ಮ ಸರಕಿನ ಬಣ್ಣವು ಸರಿಯಾಗಿ ಬರುತ್ತಿಲ್ಲವೆಂದು ದೂರಿದ ಮೇಲೆಯೇ ಫಿಲ್ಮಿನ ಗುಣವನ್ನು ತಿದ್ದುವ ವಿಚಾರವು ಬಲವಾಯಿತೆಂದು ಹೇಳುತ್ತಾರೆ. ಮನುಷ್ಯನ ಮೋರೆಗಿಂತ ಮೇಜಿನ ಮೋರೆಗೆ ಹೆಚ್ಚಿನ ದನಿಯಿತ್ತೆಂದಾಯಿತು.

ಮಟಮಾರಿಯ ತರುಣನಿಗೆ ಇದರಿಂದ ಆಗುವ ಪಾಠವೇನು? ಯಂತ್ರದ ಲೆಕ್ಕವನ್ನು ಮನುಷ್ಯನ ಕಡೆಗೆ ಬಾಗಿಸುವದು ತನ್ನ ಕೆಲಸವೆಂದು ಅವನು ತಿಳಿದುಕೊಳ್ಳುವನು. ಅದಕ್ಕೆ ಒಂದು ಗುಂಡಿಯುಂಟು; ಅದನ್ನು ಒಂದೆರಡು ಗೆರೆ ಮೇಲಕ್ಕೆ ತಿರುಗಿಸಿದರೆ ಮೋರೆಯು ಬೆಳಗುವದು, ಧೋತರದ ಮಡಿಕೆಗಳು ಮಾಯವಾಗುವವು. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ, ‘ಯಜ್ಜಾ, ಸ್ವಲ್ಪ ಬೇವಿನ ಗಿಡದ ನೆರಳಿಗೆ ಬಾ’ ಎಂದು ಕರೆಯುವದು. ಹೀಗೆ ಕರೆಯಬೇಕಾದರೆ ಮಾತನಾಡಿಸಬೇಕು. ಮಾತನಾಡಿಸಿದರೆ, ‘ಯಾರ ಮಗನೋ ನೀನು, ಇದನ್ನು ತೆಗೆದು ಏನು ಮಾಡ್ತೀಯೋ’ ಎಂದು ಹಿರಿಯನು ಕೇಳಿಯೇ ಕೇಳುವನು. ವಿದ್ಯೆಯ ಒಳಗಿಂದ ಪ್ರಶ್ನೆಯು ಏಳುವದೆಂದು ಮೇಲೆ ಹೇಳಿದುದು ಇದನ್ನೇ. ದೂರದಿಂದ ಉದ್ದನೆಯ ಮಸೂರದಲ್ಲಿ ಎಳೆದುಕೊಳ್ಳುವವನಿಗೆ ಈ ತೊಡಕಿಲ್ಲ. ಆದರೆ ಅವನಿಗೆ ಒಳ್ಳೆಯ ಬೆಳಕೂ ದೊರೆಯುವದಿಲ್ಲ.

ಇನ್ನು ಎರಡನೆಯ ವಿದ್ಯೆಯಾದ ಜೋಪಾನದ ವಿಷಯ. ರಾಯಚೂರು, ಮಾನ್ವಿ, ದೇವದುರ್ಗಗಳ ಬಯಲಿನಲ್ಲಿ ಕ್ಯಾಮರಾಕ್ಕೆ ಮೊದಲನೆಯ ಶತ್ರುವು ಧೂಳು. ಬೇಸಿಗೆಯ ಗಾಳಿಯಲ್ಲಿ ಎರೆಮಣ್ಣು ಹಾರುವದು. ರಾಶಿಯ ಕಾಲದಲ್ಲಿ ಹೊಟ್ಟು ಹಾರುವದು. ಹತ್ತಿಯ ಜಿನ್ನಿನ ಸುತ್ತ ಅರಳೆಯ ಎಳೆಗಳು ಹಾರುವವು. ಮಸೂರವನ್ನು ಬದಲಿಸುವಾಗ ಗಾಳಿಗೆ ಬೆನ್ನು ಮಾಡಿ, ಕ್ಯಾಮರಾದ ಬಾಯನ್ನು ಕೆಳಗೆ ಮಾಡಿ, ಬೇಗನೆ ಮುಗಿಸಬೇಕು. ಮಸೂರದ ಮೇಲೆ ಧೂಳು ಕುಳಿತರೆ ಧೋತರದ ಚುಂಗಿನಿಂದ ಒರೆಸಬಾರದು. ಅದರಲ್ಲಿ ಒಂದು ಮರಳಿನ ಕಣವಿದ್ದರೂ ಗಾಜಿನ ಮೇಲಿನ ತೆಳುವಾದ ಲೇಪವು ಗೀಚಿಹೋಗುವದು. ಬಾಯಿಂದ ಊದಲೂಬಾರದು, ಉಗುಳಿನ ಹನಿಗಳು ಕೂಡುವವು. ಮೊದಲು ರಬ್ಬರಿನ ಊದುಗುಂಡಿನಿಂದ ಗಾಳಿಯನ್ನು ಹಾಯಿಸಿ, ಅನಂತರ ಮೃದುವಾದ ಕುಂಚದಿಂದ ಸರಿಸಿ, ಹೋಗದೆ ಉಳಿದ ಕಲೆಗೆ ಮಾತ್ರ ಮಸೂರದ ಬಟ್ಟೆಯನ್ನು ಮುಟ್ಟಿಸಬೇಕು. ಬೇಸಿಗೆಯಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಬ್ಯಾಟರಿಯು ಕಾವನ್ನು ತಾಳದು. ಮಳೆಗಾಲದಲ್ಲಿ ತೊಗಲಿನ ಚೀಲದೊಳಗೆ ಮುಚ್ಚಿಟ್ಟರೆ ಮಸೂರದ ಒಳಗೆ ಬೂಸ್ಟು ಜೇಡರಬಲೆಯಂತೆ ಹಬ್ಬುವದು. ಮಲೆನಾಡಿನವರಿಗಿರುವಷ್ಟು ಈ ಭಯವು ಇಲ್ಲಿಯವರಿಗಿಲ್ಲವಾದರೂ, ತೇವವನ್ನು ಹೀರುವ ಸಿಲಿಕಾ ಹರಳುಗಳ ಪೊಟ್ಟಣದೊಡನೆ ಬಿಗಿಯಾದ ಡಬ್ಬಿಯಲ್ಲಿಡುವದು ಲೇಸು. ಆಯುಧಪೂಜೆಯ ದಿನ ಕ್ಯಾಮರಾಕ್ಕೂ ಪೂಜೆ ಸಲ್ಲುವ ಮನೆಗಳಲ್ಲಿ ವಿಭೂತಿ ಕುಂಕುಮಗಳನ್ನು ಅದರ ಚೀಲಕ್ಕೆ ಹಚ್ಚಿದರೆ ಸಾಕು. ಅಷ್ಟು ನುಣುಪಾದ ಪುಡಿಯನ್ನು ಯಂತ್ರದ ಹತ್ತಿರ ತರುವದು ಭಕ್ತಿಯಾದರೂ ಜಾಣತನವಲ್ಲ.

ಜೋಪಾನವನ್ನು ಕಲಿಯುವಾಗಲೇ ತಿಳಿಯುವ ಇನ್ನೊಂದು ಸಂಗತಿಯಿದೆ. ಡಿಜಿಟಲ್ ಫೋಟೋಕ್ಕೆ ವೆಚ್ಚವಿಲ್ಲವೆಂಬ ಮಾತು ಪೂರ್ತಿ ನಿಜವಲ್ಲ. ಕ್ಯಾಮರಾದೊಳಗಿನ ಶಟರು ಲೋಹದ ಪರದೆ. ಅನೇಕ ಮಾದರಿಗಳಲ್ಲಿ ಅದರ ಆಯುಷ್ಯವು ಒಂದು ಲಕ್ಷದಿಂದ ಎರಡು ಲಕ್ಷ ಸಲದವರೆಗೆ ಎಂದು ತಯಾರಕರೇ ಅಂದಾಜು ಹೇಳುತ್ತಾರೆ. ಪ್ರತಿಯೊಂದು ಒತ್ತುವಿಕೆಯೂ ಆ ಗಂಟಿನಿಂದ ಒಂದನ್ನು ಕಳೆಯುವದು. ತೆಗೆದ ಚಿತ್ರಗಳನ್ನು ದೂರದ ಕಂಪ್ಯೂಟರುಗಳಿಗೆ ಕಳುಹಿಸಿ ಇಟ್ಟರೆ, ಆ ಯಂತ್ರಗಳು ಹಗಲಿರುಳೂ ವಿದ್ಯುತ್ತನ್ನು ನುಂಗುತ್ತಿರುವವು. ವಿದ್ಯುತ್ತು ಎಲ್ಲಿಂದ ಬರುವದು, ಅದರ ಬೂದಿಯು ಎಲ್ಲಿ ಬೀಳುವದು ಎಂಬುದನ್ನು ೧೯೮೫ರಿಂದ ಶಕ್ತಿನಗರದ ಕೊಳವೆಗಳನ್ನು ನೋಡುತ್ತಿರುವ ಜಿಲ್ಲೆಗೆ ವಿವರಿಸುವ ಅವಶ್ಯಕತೆಯಿಲ್ಲ. ವೆಚ್ಚವು ಹೋಗಿಲ್ಲ, ಒತ್ತುವವನ ಕಣ್ಣಿಗೆ ಕಾಣದಷ್ಟು ದೂರ ಸರಿದಿದೆ.

ಇಷ್ಟೆಲ್ಲ ಎಚ್ಚರಿಕೆಯುಳ್ಳ ಮನುಷ್ಯನು ಮಸೂರದ ಮೇಲೆ ಒಂದು ಬೆರಳಿನ ಗುರುತು ಬಿದ್ದರೆ ನೊಂದುಕೊಳ್ಳುವನು. ಅದೇ ಮನುಷ್ಯನು ಸಂತೆಯಲ್ಲಿ ಸೆರಗನ್ನು ಮೋರೆಗೆ ಎಳೆದುಕೊಂಡ ಹೆಂಗಸಿನ ಮೇಲೆ ಅದೇ ಮಸೂರವನ್ನು ತಿರುಗಿಸುವಾಗ ಏನನ್ನೂ ಅಂದುಕೊಳ್ಳದಿರುವದು ಆಶ್ಚರ್ಯ. ಜೋಪಾನವೆಂಬ ಗುಣವು ಯಂತ್ರದ ಅಂಚಿನಲ್ಲಿಯೇ ನಿಂತುಬಿಡುವದೇ? ವಸ್ತುವನ್ನು ಪ್ರೀತಿಯಿಂದ ಕಾಪಾಡುವದು ಸಣ್ಣ ಗುಣವಲ್ಲ. ತನ್ನ ಕತ್ತಿಯನ್ನು ಮಸೆದಿಟ್ಟುಕೊಳ್ಳದ ಬಡಗಿಯು ಮರವನ್ನೂ ಕೆಡಿಸುವನು. ಆದರೆ ಬಡಗಿಯ ಜೋಪಾನಕ್ಕೆ ಅರ್ಥ ಬರುವದು ಮರದ ಮೇಲಿನ ಕೆಲಸದಲ್ಲಿ. ಕ್ಯಾಮರಾದ ಜೋಪಾನಕ್ಕೂ ಅದರಾಚೆಗೆ ಎರಡು ಮೆಟ್ಟಿಲುಗಳಿವೆ: ತೆಗೆದ ಬಿಂಬದ ಜೋಪಾನ, ಬಿಂಬವು ಯಾರದೋ ಅವರ ಜೋಪಾನ.

ಬಿಂಬದ ಜೋಪಾನವನ್ನು ಜನರು ಅತ್ಯಂತ ಅಲಕ್ಷ್ಯದಿಂದ ಮಾಡುತ್ತಾರೆ. ಕಾರ್ಡು ಉಗುರಿನಷ್ಟು ಅಗಲ. ಅದರಲ್ಲಿ ಸಾವಿರಾರು ಚಿತ್ರಗಳು. ಕ್ಯಾಮರಾವು ಬರೆಯುತ್ತಿರುವಾಗಲೇ ಎಳೆದು ತೆಗೆದರೆ ಕೆಡುವದು. ಮಳೆಗೆ, ಕಳ್ಳನಿಗೆ, ಮರೆವಿಗೆ ಸಿಕ್ಕರೆ ಹೋಗುವದು. ಬಲ್ಲವರು ಹೇಳುವ ಕ್ರಮವೆಂದರೆ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಇಲ್ಲವೆ ಬೇರೆ ಮನೆಯಲ್ಲಿ. ಪ್ರತಿಗಿಂತಲೂ ಮುಖ್ಯವಾದದ್ದು ಹೆಸರು. ಕ್ಯಾಮರಾವು ಚಿತ್ರದೊಡನೆ ತಾರೀಖನ್ನೂ ವೇಳೆಯನ್ನೂ ರಂಧ್ರದ ಅಂಕವನ್ನೂ ತಾನಾಗಿ ಬರೆದಿಡುವದು. ಎದುರಿಗೆ ನಿಂತವರ ಹೆಸರನ್ನು ಬರೆಯಲು ಮಾತ್ರ ಅದಕ್ಕೆ ತಿಳಿಯದು. ಸ್ಟುಡಿಯೋದವನು ಲಕೋಟೆಯ ಮೇಲೆ ಬರೆ‍ಯುತ್ತಿದ್ದುದನ್ನು ಈಗ ತೆಗೆದವನೇ ಬರೆಯಬೇಕು.

ಮಟಮಾರಿಯ ತರುಣನು ಹೊಲದ ಬದುವಿನಲ್ಲಿ ಬುತ್ತಿಯ ಗಂಟನ್ನು ಬಿಚ್ಚುತ್ತಿದ್ದ ಒಬ್ಬ ಮುದುಕಿಯನ್ನು ಮಾತನಾಡಿಸಿ ಫೋಟೋ ತೆಗೆದಿರುವನೆಂದೇ ಇಟ್ಟುಕೊಳ್ಳಬಹುದು. ಚಿತ್ರವು ಬಹಳ ಚೆನ್ನಾಗಿ ಬಂದಿತು. ನೂರಾರು ಜನರಿಗೆ ಮೊಬೈಲಿನಲ್ಲಿ ಮುಟ್ಟಿತು. ಸ್ಪರ್ಧೆಯಲ್ಲಿ ಬಹುಮಾನವೂ ಬಂದಿತು. ಮುದುಕಿಗೆ ಮಾತ್ರ ಅದು ಮುಟ್ಟಲಿಲ್ಲ. ಎರಡು ವರ್ಷಕ್ಕೆ ಅವಳು ತೀರಿಕೊಂಡಳು. ಗೋಡೆಗೆ ಹಾಕಿ ಹೂವು ಏರಿಸುವದಕ್ಕೆ ಮನೆಯಲ್ಲಿ ಗುರುತಿನ ಚೀಟಿಯ ಮೇಲಿನ ಮಸುಕಾದ ಮೋರೆಯ ಹೊರತು ಬೇರೇನೂ ಇಲ್ಲ. ಮಗನು ಕೇಳಿಕೊಂಡು ಬಂದನು: ‘ಅವ್ವನ ಫೋಟೋ ನೀನು ಒಮ್ಮೆ ತೆಗೆದಿದ್ದೆಯಂತಲ್ಲಪ್ಪಾ.’ ಆ ಗಳಿಗೆಯಲ್ಲಿ ತರುಣನ ಬಳಿ ಆ ಚಿತ್ರವು ಇದೆಯೋ ಇಲ್ಲವೋ ಎಂಬುದರ ಮೇಲೆ ಅವನು ಮೊದಲಿನ ಮೂವರಲ್ಲಿ ಯಾರ ಪಂಕ್ತಿಯವನೆಂಬುದು ನಿರ್ಣಯವಾಗುವದು. ಇದ್ದು ಕೊಟ್ಟರೆ ಸಾಲವನ್ನು ತೀರಿಸಿದವನಾದನು; ತಡವಾಗಿ, ಬಡ್ಡಿಯಿಲ್ಲದೆ. ಕಾರ್ಡನ್ನು ಅಳಿಸಿ ಬೇರೆ ಜಾತ್ರೆಗೆ ಒಯ್ದಿದ್ದರೆ ಅವನು ಮುಳುಗಿಸಿದ್ದು ತನ್ನ ಸೊತ್ತನ್ನಲ್ಲ. ಮೂರು ಪ್ರತಿಗಳನ್ನು ಇಡುವ ನಿಯಮವು ಯಂತ್ರಶಾಸ್ತ್ರದ ನಿಯಮವಾಗಿ ಕಾಣುತ್ತಿದ್ದುದು ಇಲ್ಲಿ ಧರ್ಮದ ನಿಯಮವಾಗಿ ಮಾರ್ಪಡುವದು. ಅಂಚೆಕಾರ್ಡಿನಷ್ಟು ಅಗಲದ ಅಚ್ಚಿಗೆ ರಾಯಚೂರಿನ ಯಾವ ಅಂಗಡಿಯಲ್ಲಿಯೂ ಬೀಳುವ ವೆಚ್ಚವು ಅಲ್ಪ. ಎರಡು ವರ್ಷ ಮೊದಲೇ ಮುದುಕಿಯ ಕೈಯಲ್ಲಿ ಅದು ಇರಬಹುದಾಗಿತ್ತು.

ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಕ್ಕಿದ ಉದ್ದದ ಒಂದು ಕಲ್ಲುಂಟು. ಅದರ ಮೇಲೆ ಕಾಕತೀಯರ ಕಾಲದ, ೧೨೯೪ರ ಶಾಸನವಿದೆ. ಶಾಸನಕ್ಕಿಂತಲೂ ಹೆಚ್ಚಾಗಿ ಮನಸ್ಸನ್ನು ಹಿಡಿಯುವದು ಗೋಡೆಯ ಮೇಲೆ ಕೊರೆದ ಒಂದು ಚಿತ್ರ: ಅಂಥ ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಪಶುಗಳನ್ನು ಹೂಡಿ ಎಳೆದುತರುವ ದೃಶ್ಯ. ಒಡೆಯರ ಹೆಸರನ್ನು ಕೊರೆದ ಕಾಲದಲ್ಲಿಯೇ ಯಾವನೋ ಶಿಲ್ಪಿಗೆ ದುಡಿಮೆಯ ಬಿಂಬವೂ ಉಳಿಯಬೇಕೆನ್ನಿಸಿತು. ಉಳಿಸಿದ ಬಿಂಬವನ್ನು ಅವನು ಒಯ್ಯಲಿಲ್ಲ; ಕಲ್ಲನ್ನು ಎಳೆದವರೂ ಅವರ ಮಕ್ಕಳೂ ದಿನಾಲು ತಿರುಗಾಡುವ ಸ್ಥಳದಲ್ಲಿಯೇ ಬಿಟ್ಟನು. ಏಳುನೂರು ವರ್ಷಗಳು ಕಳೆದರೂ ಅದು ಇದ್ದ ಊರಿನಲ್ಲಿಯೇ ಇದೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಮುದಗಲ್ಲಿನ ಮೊಹರಮ್ಮಿಗೆ ಸಾವಿರಾರು ಜನರು ಕೂಡುವರು. ಅವರಲ್ಲಿ ಒಬ್ಬೊಬ್ಬರನ್ನೂ ಕೇಳಿ, ಒಬ್ಬೊಬ್ಬರಿಗೂ ಅಚ್ಚನ್ನು ಕೊಡುವದು ಸಾಧ್ಯವೇ? ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಜಾತ್ರೆಯಲ್ಲಿ ನಿಂತವನು ತಾನು ನೋಡಲ್ಪಡುವೆನೆಂದು ತಿಳಿದೇ ನಿಂತಿರುತ್ತಾನೆ. ಗುಂಪಿನ ಬಿಂಬವು ಗುಂಪಿನದು. ಗುಂಪಿನಿಂದ ಒಂದು ಮೋರೆಯನ್ನು ಬೇರ್ಪಡಿಸಿ, ಅದರ ಅಳುವನ್ನೋ ಹಸಿವನ್ನೋ ಭಕ್ತಿಯನ್ನೋ ಬಿಂಬದ ವಿಷಯವನ್ನಾಗಿ ಮಾಡಿಕೊಂಡಲ್ಲಿ ಋಣವು ಹುಟ್ಟುವದು. ಕಾಯಿದೆಯು ಈ ಭೇದವನ್ನು ನಮೂದಿಸುವದಿಲ್ಲ. ಬೀದಿಯಲ್ಲಿ ಕಂಡುದನ್ನು ತೆಗೆಯಲು ಅದು ಸಾಮಾನ್ಯವಾಗಿ ಅಡ್ಡಬರುವದಿಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಹಕ್ಕು ದೊಡ್ಡದು, ಆದರೆ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ಅದನ್ನು ಹಿಡಿದುಕೊಂಡು ದಿಲ್ಲಿಗೆ ಹೋಗುವಳೆಂದು ನಿರೀಕ್ಷಿಸುವದು ಹಾಸ್ಯಾಸ್ಪದ. ಉಳ್ಳವರ ಮಾನಕ್ಕೆ ಕಾಯಿದೆಯಿಲ್ಲದ ಕಾಲದಲ್ಲಿಯೂ ಗೋಡೆಗಳಿದ್ದವು. ೧೮೯೨ರಲ್ಲಿ ದೀನ್ ದಯಾಳರು ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಪ್ರತ್ಯೇಕವಾದ ಜನಾನಾ ಸ್ಟುಡಿಯೋವನ್ನು ತೆರೆದರು. ಅಲ್ಲಿಯ ಕೆಲಸವನ್ನೆಲ್ಲ ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯು ನೋಡಿಕೊಳ್ಳುತ್ತಿದ್ದಳು. ಪರದೆಯ ಮರ್ಯಾದೆಯು ಮುರಿಯದಂತೆ ನಡೆದುಕೊಳ್ಳುವ ಎಚ್ಚರವು ಆ ಕಾಲದ ಛಾಯಾಗ್ರಾಹಕನಿಗಿತ್ತು, ಎದುರಿಗೆ ಕುಳಿತವಳು ನವಾಬನ ಮನೆಯವಳಾಗಿದ್ದಾಗ. ಬುಟ್ಟಿಯನ್ನು ಹೊತ್ತವಳಿಗೆ ಸೆರಗೊಂದೇ ಗೋಡೆ.

ಮಾತು ಬಾರದ ಜೀವಿಗಳ ವಿಷಯದಲ್ಲಿ ಛಾಯಾಗ್ರಾಹಕರೇ ಸ್ವತಃ ಒಂದು ದಾರಿಗೆ ಬಂದಿರುವದು ಗಮನಾರ್ಹ. ಹಿಂದೆ ಹಕ್ಕಿಯ ಗೂಡಿನ ಚಿತ್ರವು ದೊಡ್ಡ ಸಾಧನೆಯೆನಿಸಿತ್ತು. ಬೆಳಕು ಬೀಳಲೆಂದು ಗೂಡಿನ ಮುಂದಿನ ರೆಂಬೆಗಳನ್ನು ಸರಿಸಿ ಕಟ್ಟುತ್ತಿದ್ದರು. ಮರೆ ಹೋದ ಮರಿಗಳು ಬಿಸಿಲಿಗೂ ಕಾಗೆಗೂ ಗುರಿಯಾಗುತ್ತಿದ್ದವು. ಇಂದು ಅನೇಕ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಸ್ವೀಕರಿಸುವದೇ ಇಲ್ಲ. ಯಾವ ಹಕ್ಕಿಯೂ ದಾವೆ ಹೂಡಲಿಲ್ಲ. ಚಿತ್ರವು ಎಷ್ಟೇ ಸೊಗಸಾಗಿದ್ದರೂ ಅದನ್ನು ತೆಗೆಯಲಿಕ್ಕೆ ಮಾಡಿದ ಕೆಲಸವು ಹೊಲಸೆಂದು ತೆಗೆಯುವವರೇ ಒಪ್ಪಿಕೊಂಡರು.

ಕೊನೆಗೆ ಉಳಿಯುವದು ಎಲ್ಲಕ್ಕಿಂತ ಕಠಿಣವಾದ ಸಂದರ್ಭ. ತೆಗೆದಾದ ಮೇಲೆ, ‘ಬ್ಯಾಡಪ್ಪಾ, ಅದನ್ನು ತೆಗೆದುಬಿಡು’ ಎಂದು ಎದುರಿಗಿನವರು ಕೇಳಿದರೇನು? ಕನ್ನಡದಲ್ಲಿ ಅಳಿಸುವದಕ್ಕೂ ಅದೇ ಧಾತು. ಗಾಜಿನ ಕಾಲದಲ್ಲಿ ಫಲಕವನ್ನು ಅವರ ಕಣ್ಣೆದುರಿಗೇ ಒಡೆದರೆ ಮಾತು ಮುಗಿಯುತ್ತಿತ್ತು. ಈಗ ಗುಂಡಿಯನ್ನು ಒತ್ತಿದರೆ ಚಿತ್ರವು ಪರದೆಯಿಂದ ಹೋಗುವದು. ಕಾರ್ಡಿನಿಂದ ಹೋಗುವದು ಅದರ ವಿಳಾಸ ಮಾತ್ರ, ಮೇಲೆ ಬೇರೊಂದು ಬರೆಯುವವರೆಗೆ ಬಿಂಬವು ಅಲ್ಲಿಯೇ ಇರುವದು, ಬಲ್ಲವನು ಅದನ್ನು ಮರಳಿ ಎತ್ತಬಹುದು. ಅಷ್ಟರಲ್ಲಿ ಅದು ನಾಲ್ಕು ಜನರ ಮೊಬೈಲಿಗೆ ಹೋಗಿದ್ದರಂತೂ ತೆಗೆದವನ ಕೈಯಲ್ಲಿ ಏನೂ ಉಳಿದಿರುವದಿಲ್ಲ. ಅವನ ಪಶ್ಚಾತ್ತಾಪವು ಎಷ್ಟು ಪ್ರಾಮಾಣಿಕವಾಗಿದ್ದರೂ ಆ ಹೆಂಗಸಿಗೆ ಅದರಿಂದ ಪ್ರಯೋಜನವಿಲ್ಲ. ಚಿತ್ರವು ಉತ್ತಮವಾಗಿದ್ದಷ್ಟೂ ಅದನ್ನು ಬಿಡುವದು ಕಷ್ಟ, ಕಳುಹಿಸುವ ಆತುರವೂ ಹೆಚ್ಚು. ಸಂತೆಯ ದಿನ ತೆಗೆದುದನ್ನು ಅದೇ ರಾತ್ರಿ ಯಾರಿಗೂ ಕಳುಹಿಸದೆ ಎಂಟು ದಿನ ಇಟ್ಟುಕೊಳ್ಳುವದು ಯಾರಿಗೂ ಆಗದ ಕೆಲಸವಲ್ಲ. ಮುಂದಿನ ಸಂತೆಗೆ ಅಚ್ಚನ್ನು ಒಯ್ದು ಕಾಯಿಪಲ್ಲೆಯ ಬುಟ್ಟಿಯ ಮಗ್ಗುಲಲ್ಲಿ ಕುಳಿತು ಅವಳ ಕೈಗೆ ಕೊಟ್ಟರೆ, ಅವಳು ಅದನ್ನು ನೋಡಿ ನಗುವಳೋ, ಮಗಳಿಗೆ ತೋರಿಸುವಳೋ, ಮಡಚಿ ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡು ಮತ್ತಾರಿಗೂ ತೋರಿಸಬೇಡವೆನ್ನುವಳೋ, ಅದನ್ನು ಕೇಳಿಕೊಂಡ ತರುವಾಯ ಬಹುಮಾನದ ವಿಚಾರವನ್ನು ಎತ್ತಿಕೊಳ್ಳಬಹುದು.